ಸೆನ್ಸರ್ ಕಿತ್ತು ಎಸೆದ ಸಾಹುಕಾರ

ಮೆಣಸಿನಕಾಯಿ ಮಂಡಿಗಳ ಒಂದು ಊರಲ್ಲಿ ಒಬ್ಬ ಸಾಹುಕಾರ ಇದ್ದ. ಎದುರು ಮಾತಾಡುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಹೂಂಗುಟ್ಟುವವರು ಬೇಕು. ನಗಬೇಡಿ, ತಾಯಂದಿರೇ. ಅಂಥವರು ಈ ಪ್ರವಚನದ ಪೆಂಡಾಲಿನಲ್ಲೂ ಕೂತಿದ್ದಾರೆ, ಮುಂದಿನ ಸಾಲಿನಲ್ಲೇ.

ಮಗನ ಮದುವೆಯ ಹೊತ್ತಿಗೆ ಅವನು ಒಂದು ಸಣ್ಣ ಕಾರು ಕೊಂಡಿದ್ದ. ಕೆಲವು ಕಾಲ ಚೆನ್ನಾಗಿ ಓಡಿತು. ಆಮೇಲೆ ಸ್ಟೇರಿಂಗಿನ ಹಿಂದೆ ಹಳದಿ ದೀಪ ಹತ್ತಿಕೊಂಡಿತು, ಎಂಜಿನ್ನಿನ ಚಿತ್ರ ಇರುತ್ತದಲ್ಲ, ಅದು. ಗ್ಯಾರೇಜಿಗೆ ಒಯ್ದ. ಮಿಸ್ತ್ರಿ ಸ್ಕ್ಯಾನರ್ ಸಿಕ್ಕಿಸಿ ಅದರಲ್ಲಿ ಬಂದ ಕೋಡ್ ಓದಿದ.

"ಎಂಜಿನ್ನಿಗೆ ಗಾಳಿ ಜಾಸ್ತಿ ಹೋಗಾಕತ್ತೇತ್ರಿ ಸಾವಕಾರ್ರ. ಸೈಲೆನ್ಸರ್ ಪೈಪಿನ್ಯಾಗ ಒಂದು ಸೆನ್ಸರ್ ಇರತೈತಿ, ಅದು ಹೇಳಾಕತ್ತೇತಿ."

"ಹೇಳೂದು ಅದ ಹೌದಿಲ್ಲೋ? ಕಿತ್ತು ಒಗಿ ಅದನ್ನ. ಹೊಸಾದು ಹಾಕು."

"ಅದರದೇನು ತಪ್ಪಿಲ್ರಿ. ಗಾಳಿ ಎಲ್ಲಿಂದ ಒಳಗ ಹೋಗತೈತಿ ಅಂತ ಹುಡುಕಬೇಕು. ಗಾಡಿ ಬಿಟ್ಟು ಹೋಗ್ರಿ."

"ನಿನಗ ಹಾಕಾಕ ಬರತೈತೋ ಇಲ್ಲೋ? ಅಷ್ಟ ಹೇಳು."

ಮಿಸ್ತ್ರಿಗೂ ಗಿರಾಕಿ ಬೇಕು. ಹೊಸ ಸೆನ್ಸರ್ ಹಾಕಿದ, ಕೋಡ್ ಅಳಿಸಿದ, ದೀಪ ಆರಿತು. ಸಾಹುಕಾರನಿಗೆ ಗೆದ್ದಷ್ಟು ಖುಷಿ. ವಾರ ಕಳೆಯುವಷ್ಟರಲ್ಲಿ ದೀಪ ಮತ್ತೆ ಹತ್ತಿತು. "ಇದೂ ಸುಳ್ಳ ಹೇಳತೈತಿ" ಎಂದು ಅದನ್ನೂ ತೆಗೆಸಿ ಮತ್ತೊಂದು ಹಾಕಿಸಿದ. ನೋಡಿ, ಎರಡು ಸೆನ್ಸರ್ ಹೋದವು. ಒಂದು ಸಲವಾದರೂ ಗಾಳಿ ಎಲ್ಲಿಂದ ಹೋಗುತ್ತಿದೆ ಎಂದು ಕೇಳಿದನೇ? ಇಲ್ಲ.

ಅದೇ ವರ್ಷದ ಆಷಾಢದಲ್ಲಿ ಸೊಸೆ ಬಾಗಿಲ ಮರೆಯಲ್ಲಿ ನಿಂತು ಬಾಯಿ ಬಿಟ್ಟಳು.

"ಮಾವಾರ, ಅವರು ಮುಂಜಾನೆ ಎದ್ದವರ ಕುಡಿಯಾಕತ್ತಾರ್ರಿ. ಬಚ್ಚಲದಾಗ ರಕ್ತ ಕಾರಿದ್ದು ನಾನ ನೋಡೇನಿ. ದವಾಖಾನಿಗೆ ಕರಕೊಂಡು ಹೋಗೂಣ್ರಿ."

ಅತ್ತೆ ಒಳಗಿನಿಂದಲೇ ಕೂಗಿದಳು: "ಎಲಿ ಅಡಿಕಿ ಹಾಕಿದ್ದು ಉಗುಳಿರಬೇಕು. ರಕ್ತ ಅಂತ, ರಕ್ತ!"

ಸಾಹುಕಾರನ ಕಣ್ಣು ಕೆಂಪಾಯಿತು. "ನೀ ಬರೂಕಿಂತ ಮೊದಲ ಈ ಮನಿಯಾಗ ಇಂಥಾ ಮಾತ ಇರಲಿಲ್ಲ."

ಇರಲಿಲ್ಲ, ನಿಜ. ಹೇಳುವವರೇ ಇಲ್ಲದಿದ್ದರೆ ಮಾತು ಎಲ್ಲಿಂದ ಬರಬೇಕು?

ಹೊರಗೆ ಹಾಕಿದರೆ ಜನ ಆಡಿಕೊಳ್ಳುತ್ತಾರೆ. ಹಾಗಾಗಿ ಸೊಸೆಯರು ತವರಿಗೆ ಹೋಗುವ ನಾಗರ ಪಂಚಮಿ ಬರುವವರೆಗೆ ಕಾದ. ಉಡಿ ತುಂಬಿಸಿದ, ಉಂಡಿ ಕಟ್ಟಿಸಿದ, ಅದೇ ಕಾರಿನಲ್ಲಿ ತವರಿಗೆ ಕಳಿಸಿದ. ಓಣಿಯವರು ನಗುನಗುತ್ತಾ ಕೈಬೀಸಿದರು. ಹಬ್ಬ ಮುಗಿಯಿತು. ಉಳಿದ ಮನೆಗಳ ಸೊಸೆಯರೆಲ್ಲ ತಿರುಗಿ ಬಂದರು. ಇವಳನ್ನು ಕರೆಯಲು ಯಾರೂ ಹೋಗಲಿಲ್ಲ. ದಸರಾ ಆಯಿತು, ದೀಪಾವಳಿಯೂ ಆಯಿತು. ಮನೆ ಎಷ್ಟು ತಣ್ಣಗಿದೆ ಎಂದು ಸಾಹುಕಾರ ಹಿಗ್ಗಿದ. ಕಾರಿನಲ್ಲೂ ಅಷ್ಟೇ, ಮತ್ತೆ ಹತ್ತಿದ ಹಳದಿ ದೀಪದ ಮೇಲೆ ಕರಿ ಟೇಪು ಅಂಟಿಸಿ ಓಡಾಡುತ್ತಿದ್ದ.

ಒಂದು ಮುಂಜಾನೆ ಮಗ ಬಚ್ಚಲಲ್ಲೇ ಬಿದ್ದ. ಈ ಸಲ ರಕ್ತವನ್ನು ತಂದೆಯೇ ಕಂಡ. ಹಿಂದಿನ ಸೀಟಿನಲ್ಲಿ ಮಲಗಿಸಿ, ಹೆಂಡತಿಯನ್ನೂ ಕೂರಿಸಿಕೊಂಡು ದೊಡ್ಡ ಆಸ್ಪತ್ರೆಗೆ ಹೊರಟ. ಅರ್ಧ ದಾರಿಯಲ್ಲಿ ಎಂಜಿನ್ ಕೆಮ್ಮಿತು, ಜಗ್ಗಿತು, ನಿಂತೇ ಹೋಯಿತು. ಕೀಲಿ ತಿರುವಿದರೆ ಒಮ್ಮೆ ಗುರ್ ಎಂದು ಮತ್ತೆ ಸಾಯುತ್ತದೆ. ಬಾನೆಟ್ ಎತ್ತಿ, ಹೆಂಡತಿಗೆ ಕೀಲಿ ತಿರುವಲು ಹೇಳಿದ. ಎಲ್ಲೋ ಬುಸ್ಸೆನ್ನುವ ಸದ್ದು. ಕೈಯಾಡಿಸಿದ. ಒಂದು ರಬ್ಬರ್ ಪೈಪು ಉದ್ದಕ್ಕೆ ಸೀಳಿತ್ತು, ಅವನ ಬೆರಳೇ ಒಳಗೆ ಹೋಯಿತು. ಗಾಳಿ ಅಲ್ಲಿಂದ ಒಳಗೆ ಹೋಗುತ್ತಿತ್ತು. ಮೊದಲ ದಿನದಿಂದ ಅಲ್ಲಿಂದಲೇ.

ಉಳ್ಳಾಗಡ್ಡಿ ಚೀಲ ತುಂಬಿದ ಟೆಂಪೋ ಒಂದಕ್ಕೆ ಕೈ ಮಾಡಿ ನಿಲ್ಲಿಸಿ, ಹಾಗೂ ಹೀಗೂ ಆಸ್ಪತ್ರೆ ಮುಟ್ಟಿದರು. ಡಾಕ್ಟರು ಕೇಳಿದ್ದು ಒಂದೇ ಮಾತು: "ರಕ್ತ ಯಾವಾಗಿಂದ ಬೀಳಾಕತ್ತೇತಿ? ಮನಿಯಾಗ ಯಾರೂ ನೋಡಿಲ್ಲೇನ್ರಿ?"

ನೋಡಿದವಳು ಒಬ್ಬಳಿದ್ದಳು. ಅವಳು ತವರಲ್ಲಿದ್ದಳು.

ಸಂಜೆ ಮಗ ತೀರಿಕೊಂಡ. ಸುದ್ದಿ ಹೇಳಲು ಸಾಹುಕಾರ ಬೀಗರ ಮನೆ ಬಾಗಿಲಿಗೆ ಹೋದಾಗ ಸೊಸೆ ಅವನ ಮುಖ ನೋಡಿಯೇ ತಿಳಿದುಕೊಂಡಳು.

"ಕರಿಯಾಕ ಬಂದೀರೇನ್ರಿ ಮಾವಾರ?" ಎಂದಳು. ಅಷ್ಟೇ.

ಅಯ್ಯೋ ಪಾಪ ಎನ್ನಬೇಡಿ, ನನಗೆ ಸಿಟ್ಟು ಬರುತ್ತದೆ. ಕಾರಿನ ಕೋಡ್ ಏನು ಹೇಳುತ್ತದೆ? ಇಲ್ಲಿ ಹುಡುಕು ಎನ್ನುತ್ತದೆ, ನನ್ನನ್ನು ಕಿತ್ತುಹಾಕು ಎನ್ನುವುದಿಲ್ಲ. ನೀವು ಮನೆಯಲ್ಲಿ ಮಾಡುವುದೇನು? ಹೆಂಡತಿ ಹೇಳಿದರೆ ಬಾಯಿಬಡಕಿ, ಸೊಸೆ ಹೇಳಿದರೆ ಮನೆಮುರುಕಿ, ಮಗಳು ಹೇಳಿದರೆ ನಾಲಿಗೆ ಉದ್ದ. ಬಾಯಿ ಮುಚ್ಚಿಸಿ, ಮನೆ ಸರಿಯಿದೆ ಎಂದು ವಿಭೂತಿ ಹಚ್ಚಿಕೊಂಡು ಇಲ್ಲಿಗೆ ಬರುತ್ತೀರಿ.

ಇವತ್ತು ಊಟಕ್ಕೆ ಕೂತಾಗ ನಿಮಗೆ ಬೇಡದ ಮಾತನ್ನು ಯಾರಾದರೂ ಎತ್ತುತ್ತಾರೆ. ತುತ್ತು ಕೆಳಗಿಡಿ. ಪೂರ್ತಿ ಹೇಳಲು ಬಿಡಿ. "ನೀನ್ಯಾರು ಹೇಳೋಕೆ" ಎನ್ನಬೇಡಿ, "ಎಲ್ಲಿ, ತೋರಿಸು" ಎಂದು ಎದ್ದು ಹೋಗಿ ನೋಡಿ.

ಪಂಚಮಿ ಮುಗಿದಿದೆ. ಯಾರ ಮನೆಯ ಸೊಸೆ ಇನ್ನೂ ಬಂದಿಲ್ಲ? ಕೈ ಎತ್ತಬೇಡಿ, ನನಗೆ ತೋರಿಸಿ ಆಗಬೇಕಾದ್ದೇನಿಲ್ಲ. ಪ್ರಸಾದಕ್ಕೂ ಕಾಯಬೇಡಿ. ಈಗಲೇ ಎದ್ದು ಹೋಗಿ, ಅವಳು ಹೇಳಿದ್ದೇನಿತ್ತು ಎಂದು ಅವಳನ್ನೇ ಕೇಳಿ, ಕರೆದುಕೊಂಡು ಬನ್ನಿ.