ಅಮ್ಮನ ಕೋಣೆಯ ಬಲ್ಬು

ಕರೆಂಟ್ ಸಾಮಾನಿನ ಅಂಗಡಿಯಲ್ಲಿ ಸರದಿಗಾಗಿ ಕಾಯುತ್ತಿದ್ದ ದರ್ಜಿಗೆ, ಮುಂದೆ ನಿಂತಿದ್ದ ಅಕ್ಕತಂಗಿಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಹಾಸಿಗೆ ಹಿಡಿದ ತಾಯಿಯನ್ನು ಇಬ್ಬರೂ ವಾರಕ್ಕೊಬ್ಬರಂತೆ ನೋಡಿಕೊಳ್ಳುತ್ತಿದ್ದಾರೆಂದು ಅವನಿಗೆ ಬೇಗನೆ ತಿಳಿಯಿತು.

“ಡಬ್ಬಿ ಮೇಲೆ ಆರೂವರೆ ಸಾವಿರ ಕೆಲ್ವಿನ್ ಅಂತ ಬರೆದಿರೋದು ಬಿಳಿ ಬೆಳಕಿಂದು, ಕುಂಡದ ಗಿಡಕ್ಕೆ ಎಲೆ ಚೆನ್ನಾಗಿ ಬರುತ್ತೆ. ಮೂರು ಸಾವಿರದ್ದು ಹಳದಿ, ಹೂವಿಗೆ ಅದೇ ಆಗ್ಬೇಕು,” ಎಂದು ಅಂಗಡಿಯವನು ಎರಡು ಬಲ್ಬು ಮುಂದಿಟ್ಟ.

“ಕೇಳಿಸ್ಕೊಂಡ್ಯಾ?” ಎಂದಳು ಅಕ್ಕ. “ನಾನು ಹಳದಿ ಹಾಕಿ ಹೋಗ್ತೀನಿ, ನಿನ್ನ ವಾರ ಬಂದ ತಕ್ಷಣ ಬಿಳೀದು ಸಿಕ್ಕಿಸ್ತೀಯ.”

“ಹಳದೀಲಿ ಮಾತ್ರೆ ಹೆಸರು ಓದೋಕಾಗಲ್ಲ ಕಣಕ್ಕ.”

“ಟಾರ್ಚ್ ಇಟ್ಕೋ. ಅಮ್ಮನ ಕೋಣೆಗೆ ಕಿಟಕಿ ಇಲ್ಲ, ಆ ಕುಂಡದ ಗಿಡಕ್ಕೆ ಬಲ್ಬೇ ಸೂರ್ಯ. ನಾಲ್ಕು ತಿಂಗಳಿಂದ ಬರೀ ಸೊಪ್ಪು.”

“ಸೊಪ್ಪಾದ್ರೂ ಇದೆಯಲ್ಲ. ನಿನ್ನ ವಾರದಲ್ಲಿ ಅದು ನೀರಿನ ಮುಖಾನೇ ಕಾಣಲ್ಲ.”

ಅಕ್ಕ ಜಗಳಕ್ಕೂ ಶಕ್ತಿಯಿಲ್ಲದವಳಂತೆ ಕೌಂಟರಿಗೆ ಒರಗಿದಳು.

“ಇದೊಂದು ಹೂ ನೋಡ್ಕೊಂಡು ಹೊರಟುಬಿಡ್ತೀನಿ ಅಂತಾಳೆ ಅಮ್ಮ. ನಿನ್ನ ಹತ್ರಾನೂ ಅಂದ್ಳಾ?”

“ದಿನಾ ಅಂತಾಳೆ,” ಎಂದ ತಂಗಿ ಹಳದಿ ಬಲ್ಬನ್ನು ಅಂಗಡಿಯವನತ್ತ ಮೆಲ್ಲಗೆ ತಳ್ಳಿದಳು. “ಬಿಳೀದೇ ಇರ್ಲಿ ಬಿಡಕ್ಕ.”

ಅಕ್ಕ ಅವಳ ಮುಖವನ್ನೇ ನೋಡಿದಳು. “ಮಾತ್ರೆ ಓದೋಕೆ ಅಂದ್ಯಲ್ಲ.”

“ಮಾತ್ರೆ ಹೆಸರೆಲ್ಲ ಬಾಯಿಪಾಠ ಆಗಿದೆ.”

ಅಕ್ಕ ಹಳದಿ ಬಲ್ಬನ್ನು ಹಿಂದಕ್ಕೆ ಎಳೆದುಕೊಂಡು ಚೀಲಕ್ಕೆ ಹಾಕಿದಳು.

“ಅಮ್ಮಂಗೂ ಸಾಕಾಗಿದೆ ಕಣೇ. ಹೂ ನೋಡ್ಲಿ ಬಿಡು.”

ಅಕ್ಕ ತಂಗಿಯ ತೋಳು ಹಿಡಿದುಕೊಂಡು ಅಂಗಡಿಯ ಮೆಟ್ಟಿಲಿಳಿದಳು.