ಎಲ್ಲಾ ನಿಮ್ದೇ ಮೇಷ್ಟ್ರೇ

ಚಾಮುಂಡಿಪುರಂನಲ್ಲಿ ಮಳೆ ಹಿಡಿದರೆ ಮೊದಲು ಹೋಗುವುದು ಕರೆಂಟು. ಆ ಸಂಜೆಯೂ ಹಾಗೇ ಆಯಿತು. ಮಹಡಿಯಲ್ಲಿ ಮಾಲವಿಕಾ ಮಿಸ್ ಹತ್ತಿರ ಪಿಟೀಲು ಪಾಠ ಮುಗಿಸಿ ಇಳಿದ ಮಕ್ಕಳು ಕೆಳಗಿನ ಜಗಲಿಯಲ್ಲೇ ಸಿಕ್ಕಿಹಾಕಿಕೊಂಡರು. ಕರೆದುಕೊಂಡು ಹೋಗಬೇಕಾದ ಅಪ್ಪಂದಿರು ಎಲ್ಲೋ ನೀರು ನಿಂತ ರಸ್ತೆಯಲ್ಲಿ ಹಾರನ್ ಹೊಡೆಯುತ್ತಾ ನಿಂತಿದ್ದರಂತೆ. ಕೆಳಮನೆಯಲ್ಲಿ ಬಾಡಿಗೆಗಿರುವ ಸೆಲಿನಾ ಅಜ್ಜಿ ಮೇಣದಬತ್ತಿ ಹಚ್ಚಿ, ಎಲ್ಲರ ಕೈಗೂ ಒಂದೊಂದು ಲೋಟ ಬಿಸಿ ಹಾಲು ಕೊಟ್ಟು, ಬೆತ್ತದ ಕುರ್ಚಿ ಎಳೆದುಕೊಂಡು ಕೂತರು. ನರ್ಸಾಗಿ ಆಯುಷ್ಯವೆಲ್ಲ ದುಡಿದ ಹೆಂಗಸು. ಮಾತು ಖಡಕ್ಕು, ಸುಳ್ಳು ಕಂಡರಾಗದು. ಮೊಮ್ಮಗ ಅಲೆಕ್ಸ್ “ಅಜ್ಜಿ, ಒಂದು ದೆವ್ವದ ಕತೆ ಬಿಡು ನೋಡೋಣ” ಎಂದು ಚುಡಾಯಿಸಿದ. ಅಜ್ಜಿ ನಗಲಿಲ್ಲ. ಅವರ ಪಕ್ಕದಲ್ಲೇ ಕೂತಿದ್ದ ಸಮನ್ವಿತಾಗೆ ಅದು ವಿಚಿತ್ರವೆನಿಸಿತು. ಅಜ್ಜಿ ಮಹಡಿಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಶುರು ಮಾಡಿದರು.

“ಹೇಳ್ತೀನಿ. ಆದ್ರೆ ಕತೆ ಅಂತ ಕೇಳ್ಬೇಡಿ, ನಡೆದದ್ದು ಅಂತ ಕೇಳಿ. ಈ ಮನೆ ಯಾರ್ದು ಗೊತ್ತಲ್ಲ... ಪಿಟೀಲು ನಂಜುಂಡಯ್ಯ ಮೇಷ್ಟ್ರದ್ದು. ಅವ್ರ ತಾತ ಅರಮನೇಲಿ ನುಡಿಸ್ತಿದ್ರಂತೆ. ಇವ್ರು ಊರೂರಲ್ಲಿ ಕಚೇರಿ ಮಾಡಿ, ಮಿಕ್ಕ ದಿನವೆಲ್ಲ ಮೇಲಿನ ಆ ರೂಮಿನಲ್ಲಿ ಪಾಠ ಹೇಳ್ಕೊಂಡಿದ್ರು. ಕೈಗೆ ಸಿಕ್ಕಿದ್ರಲ್ಲೆಲ್ಲ ಬರೆಯೋರು ಕಣ್ರೋ... ಮದುವೆ ಕಾಗದದ ಹಿಂದೆ, ಕ್ಯಾಲೆಂಡರ್ ಹಾಳೆ ಹಿಂದೆ, ಸಿಹಿ ಅಂಗಡಿ ರಟ್ಟಿನ ಮೇಲೆ. ಸ್ವರ ಬರೆಯೋದು, ಕೆಂಪು ಪೆನ್ಸಿಲ್‌ನಲ್ಲಿ ಹೊಡೆದು ಹಾಕೋದು, ಮತ್ತೆ ಬರೆಯೋದು. ಆ ಹಾಳೆಗಳಿಗೇ ಅಂತ ಒಂದು ಟ್ರಂಕು ಇತ್ತು.

“ಪಾಠ ಅಂದ್ರೆ ಮಹಾ ಕಟ್ಟುನಿಟ್ಟು. ಪಿಟೀಲು ಪೆಟ್ಟಿಗೆ ಮೇಲೆ ಪೆನ್ಸಿಲ್‌ನಿಂದ ತಾಳ ಕುಟ್ಟೋರು. ತಪ್ಪು ನುಡಿಸಿದ್ರೆ ಬೈತಿರ್ಲಿಲ್ಲ, ಕುಟ್ಟೋದು ನಿಲ್ಲಿಸ್ಬುಡೋರು, ಅಷ್ಟೇ. ನಿಂತ್ರೆ ಮತ್ತೆ ಮೊದಲಿಂದ ನುಡಿಸ್ಬೇಕು. ಅವ್ರು ‘ಸಾಕು’ ಅನ್ನೋ ತನಕ ಕಮಾನು ಕೆಳಗಿಡೋ ಹಾಗಿಲ್ಲ. ಪಾಠ ಮುಗಿದ್ಮೇಲೆ ಕಾಲಿಗೆ ಬಿದ್ದು, ‘ಎಲ್ಲಾ ನಿಮ್ದೇ ಮೇಷ್ಟ್ರೇ, ನಂದೇನಿಲ್ಲ’ ಅಂತ ಹೇಳೇ ಹೊರಡೋದು. ಈಗ ನೀವೂ ಅವ್ರ ಫೋಟೋಗೆ ಕೈ ಮುಗಿದು ಅದನ್ನೇ ಹೇಳಿ ಬರ್ತೀರಲ್ವಾ?”

ಮಕ್ಕಳು ಮುಖ ಮುಖ ನೋಡಿಕೊಂಡು ತಲೆ ಆಡಿಸಿದರು. ಹೊರಗೆ ಮಳೆ ಇನ್ನಷ್ಟು ಜೋರಾಯಿತು.

“ಮಾಲವಿಕಾ ಆಗ ಹುಡುಗಿ. ಕೆಸರೆಯಿಂದ ಬಸ್ಸು ಹತ್ತಿ ಬರೋಳು. ಮೇಷ್ಟ್ರಿಗೆ ಅವಳ ಕೈ ಮೇಲೆ ಪ್ರಾಣ. ಜನವೂ ಹೊಗಳೋರು... ಏನಂತ? ಥೇಟ್ ಮೇಷ್ಟ್ರೇ, ಕಣ್ಣು ಮುಚ್ಚಿ ಕೇಳಿದ್ರೆ ವ್ಯತ್ಯಾಸವೇ ಗೊತ್ತಾಗಲ್ಲ ಅಂತ. ಅವಳಿಗೆ ಅದೇ ಸಂಕಟ. ಇಲ್ಲೇ, ಈ ಜಗಲಿ ಮೇಲೇ ಕೂತು ಹೇಳ್ತಿದ್ಲು: ‘ಆಂಟಿ, ಒಂದೇ ಒಂದು ಸಾಲು ಇದು ನಂದು ಅಂತ ನುಡಿಸ್ಬೇಕು. ಅಷ್ಟಾದ್ರೆ ಸಾಕು ನಂಗೆ.’ ಮೇಷ್ಟ್ರು ಬಿಡ್ತಾರ? ‘ಮೊದ್ಲು ನಾನು ಕೊಟ್ಟಿದ್ದನ್ನ ನೆಟ್ಟಗೆ ನುಡ್ಸು’ ಅನ್ನೋರು. ಹಾಗಂತಾನೇ ಒಂದಿನ ಕಣ್ಣು ಮುಚ್ಚಿದ್ರು.

“ಆಮೇಲೆ ಯಾವ್ದೋ ಟ್ರಸ್ಟಿನವ್ರು ಬಂದು, ಮೇಷ್ಟ್ರ ಹಾಳೆಗಳ್ನೆಲ್ಲ ಫೋಟೋ ತೆಗೆದಿಡ್ತೀವಿ, ಯಾರಾದ್ರೂ ವಿಂಗಡಿಸಿ ಕೊಡಿ ಅಂದ್ರು. ಮೇಷ್ಟ್ರ ಹೆಂಡ್ತಿ ಸುಂದರಮ್ಮ ಇವಳನ್ನ ಕರೆಸಿದ್ರು. ಸ್ವಂತ ಕಚೇರಿ ಅಂತ ಅವಳಿಗೆ ಮೊದಲ್ನೇದು ನಿಗದಿಯಾಗಿತ್ತು ಆಗ, ದಸರಾಕ್ಕೆ. ಒಂದು ಮಧ್ಯಾಹ್ನ, ಹೀಗೇ ಮಳೆ. ಸುಂದರಮ್ಮ ನಂಜನಗೂಡಿಗೆ ಹೋಗಿದ್ರು, ಮೇಲೆ ಇವಳೊಬ್ಬಳೇ. ಟ್ರಂಕಿನ ತಳದಲ್ಲಿ ಒಂದು ಹಾಳೆ ಸಿಕ್ತಂತೆ. ಭೈರವಿ ರಾಗದ್ದು, ಹಾಡಿನ ಮಧ್ಯೆ ನುಡಿಸೋ ಚಿಟ್ಟೆಸ್ವರ. ಯಾರೂ ಕೇಳಿರ್ಲಿಲ್ಲ ಅದನ್ನ. ಕಚೇರಿಗೆ ಇದೇ ಸರಿ ಅಂತ ಚಕ್ಕಂಬಕ್ಕಳ ಹಾಕಿ ಕೂತು ನುಡಿಸೋಕೆ ಶುರು ಮಾಡಿದ್ಲು.

“ಟಕ್... ಟಕ್... ಅಂತ ಸದ್ದು. ಮಳೆ ಹನಿ ಅಂದ್ಕೊಂಡ್ಲು. ಆದ್ರೆ ಮಳೆ ತಾಳಕ್ಕೆ ಬೀಳುತ್ತಾ? ಹಾಳೆಯ ಕೊನೆಗೆ ಬಂದ್ಲು, ಸದ್ದು ನಿಂತ್ಹೋಯ್ತು. ನಿಂತ ತಕ್ಷಣ ಇವಳು ಏನು ಮಾಡಿದ್ಲು? ಬೇರೆ ಯಾರಾಗಿದ್ರೂ ಎದ್ದು ಓಡಿರೋರು. ಇವಳು ಮೇಷ್ಟ್ರ ಶಿಷ್ಯೆ... ಕೈ ತಾನಾಗೇ ಮೊದಲ ಸಾಲಿಗೆ ಹೋಯ್ತು. ಮತ್ತೆ ಟಕ್ ಟಕ್. ಮತ್ತೆ ಅದೇ ಜಾಗದಲ್ಲಿ ನಿಂತಿತು. ಮತ್ತೆ ಮೊದಲಿಂದ.

“ನಾನು ಕೆಳಗೆ ಅನ್ನಕ್ಕಿಟ್ಟಿದ್ದೆ. ಒಂದೇ ಪಾಠ, ಒಂದೇ ಪಾಠ... ಮೊದ್ಲು ಬೇಜಾರಾಯ್ತು, ಆಮೇಲೆ ಒಲೆ ಆರಿಸಿ ಎದ್ದೆ. ಯಾಕಂದ್ರೆ ಪಿಟೀಲಿನ ದನಿ ಅಳೋ ಹಾಗಾಗಿತ್ತು. ಮೇಲೆ ಹತ್ತಿ ನೋಡ್ತೀನಿ, ರೂಮಿನ ತುಂಬ ಹಾಳೆ, ನಡುವೆ ಇವಳು, ಕಣ್ಣಲ್ಲಿ ಧಾರೆ ನೀರು, ಎಡಗೈ ಬೆರಳೆಲ್ಲ ಕುಯ್ದುಹೋಗಿ ತಂತಿ ಮೇಲೆ ರಕ್ತ. ‘ಸಾಕು ಬುಡಮ್ಮ!’ ಅಂತ ಕಿರುಚಿದೆ. ಆಗಲ್ಲ ಅಂತ ತಲೆ ಅಡ್ಡಡ್ಡ ಆಡಿಸಿದ್ಲು. ‘ನೀವು ಹೇಳಿದ್ರೆ ಆಗಲ್ಲ ಆಂಟಿ.’ ಕಮಾನು ಹಿಡ್ಕೊಂಡು ಎಳ್ದೆ. ಎಂಥೆಂಥ ರೋಗಿಗಳ್ನ ಅದುಮಿ ಹಿಡಿದ ಕೈ ಇದು, ಆ ಸಣಕಲು ಹುಡುಗಿ ಕೈಯಿಂದ ಒಂದು ಕಡ್ಡಿ ಬಿಡಿಸೋಕೆ ಆಗ್ಲಿಲ್ಲ. ಪೆಟ್ಟಿಗೆ ಅಲ್ಲೇ ಇತ್ತು. ಪೆನ್ಸಿಲ್ ಇಲ್ಲ, ಕುಟ್ಟೋರಿಲ್ಲ... ಸದ್ದು ಮಾತ್ರ ಇತ್ತು.

“ಆಗ ಅವಳು ಹಾಳೆ ಕಡೆ ನೋಡಿ ಅಂದ್ಲು, ‘ಆಂಟಿ, ತಪ್ಪು ನಂದಲ್ಲ. ಇದಕ್ಕೆ ಕೊನೇ ಸಾಲೇ ಇಲ್ಲ. ಬರೆಯೋಕೆ ಮುಂಚೆನೇ ಹೋಗ್ಬುಟ್ರು. ಮುಂದೇನು ಅಂತ ಅವ್ರಿಗೂ ಗೊತ್ತಿಲ್ಲ.’ ಗೊತ್ತಾಯ್ತಾ ಮಕ್ಕಳೇ? ಮುಗಿಯದ ಪಾಠಕ್ಕೆ ಸಾಕು ಅನ್ನೋದಾದ್ರೂ ಹೇಗೆ? ಅವಳು ಕಣ್ಣು ಮುಚ್ಚಿದ್ಲು. ಅದೇ ಜಾಗಕ್ಕೆ ಬಂದ್ಲು. ಈ ಸಲ ನಿಲ್ಲಿಸ್ಲಿಲ್ಲ, ಹಾಳೇಲಿ ಇಲ್ಲದ್ದನ್ನ ತಾನೇ ಕಟ್ಟಿ ನುಡಿಸಿದ್ಲು. ನಂಗೆ ಸಂಗೀತ ಬರಲ್ಲ, ಚರ್ಚಲ್ಲಿ ಎಲ್ಲರ ಜೊತೆ ಹಾಡೋದು ಅಷ್ಟೇ. ಆದ್ರೆ ಅದನ್ನ ಕೇಳಿ ಅತ್ತುಬುಟ್ಟೆ. ತಾಳ ಅವಳ ಜೊತೇಲೇ ಹೋಯ್ತು, ಅವಳ ಜೊತೇಲೇ ಮುಗೀತು. ಆಮೇಲೆ ಮೂಲೆಯಿಂದ, ‘ಸಾಕು.’ ನನಗೂ ಕೇಳಿಸ್ತು. ದೇವರಾಣೆ.

“ಅಲ್ಲಿಗೆ ಎದ್ದು ಬಂದಿದ್ರೆ ಬಚಾವಾಗ್ತಿದ್ಲು. ಅಭ್ಯಾಸ ಬಿಡ್ಬೇಕಲ್ಲ? ಹಣೆ ನೆಲಕ್ಕೆ ಮುಟ್ಟಿಸಿ, ‘ಎಲ್ಲಾ ನಿಮ್ದೇ ಮೇಷ್ಟ್ರೇ, ನಂದೇನಿಲ್ಲ’ ಅಂದ್ಲು. ಬದುಕಿದ್ದಾಗ ಅವ್ರು ಅದನ್ನ ಕೇಳಿ ನಕ್ಕು ತಲೆ ಸವರೋರು. ಈಗ... ತಗೊಂಡ್ಬುಟ್ರು.

“ಬೆರಳಿಗೆ ಪಟ್ಟಿ ಕಟ್ಟಿ ಕಳಿಸಿದೆ. ಮಾರನೇ ದಿನ ಬಂದೋಳು ಬಾಗಿಲಲ್ಲೇ ಕೇಳಿದ್ಲು, ‘ಆಂಟಿ, ನಿನ್ನೆ ನಾನು ಕೊನೇಲಿ ಏನು ನುಡಿಸ್ದೆ?’ ಅವಳಿಗೆ ಒಂದು ಸ್ವರವೂ ನೆನಪಿಲ್ಲ. ಇಬ್ಬರೂ ಮೇಲೆ ಹೋಗಿ ಹಾಳೆ ನೋಡಿದ್ವಿ. ಖಾಲಿ ಇದ್ದ ಜಾಗದಲ್ಲಿ ಕೊನೇ ಸಾಲು ಬರೆದಿತ್ತು. ಮೇಷ್ಟ್ರ ಅಕ್ಷರ. ದಸರಾದಲ್ಲಿ ಅದನ್ನ ನೋಡ್ಕೊಂಡು ಕಲಿತು ನುಡಿಸಿದ್ಲು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿ, ‘ಆಹಾ, ಆ ಕೊನೇ ಸಾಲು! ನಂಜುಂಡಯ್ಯನವ್ರಿಗೆ ಮಾತ್ರ ಸಾಧ್ಯ’ ಅಂದ್ರು. ನಾನು ಪಕ್ಕದಲ್ಲೇ ಇದ್ದೆ. ಆ ಹುಡುಗಿ ಮುಖ ನೋಡೋಕೆ ಆಗ್ಲಿಲ್ಲ.

“ಅಲ್ಲಿಂದಾಚೆಗೆ ಅವಳು ಏನು ಕಟ್ಟಿದ್ರೂ ಬೆಳಿಗ್ಗೆ ಹೊತ್ತಿಗೆ ಅವಳ ತಲೇಲಿ ಇರಲ್ಲ, ಟ್ರಂಕಿನಲ್ಲಿರುತ್ತೆ. ಸುಂದರಮ್ಮ ಮಗಳ ಮನೆಗೆ ಹೋಗೋವಾಗ ಮಹಡಿ ಇವಳಿಗೇ ಕೊಟ್ರು. ಟ್ರಸ್ಟಿನವ್ರು ಬಂದಾಗೆಲ್ಲ ಬೆರಗಾಗ್ತಾರೆ, ಮೇಷ್ಟ್ರು ಎಷ್ಟು ಬರೆದಿದ್ದಾರಪ್ಪ ಅಂತ. ಬಿಟ್ಟು ಹೋಗು ತಾಯಿ ಅಂದೆ ನಾನು. ‘ಎಲ್ಲಿಗೆ ಹೋಗ್ಲಿ ಆಂಟಿ? ನಾನು ಮಾಡಿದ್ದೆಲ್ಲ ಅದರೊಳಗೇ ಇದೆಯಲ್ಲ’ ಅಂದ್ಲು.”

ಅಲೆಕ್ಸ್ ನಗಲು ಹೋದವನು ನಗಲಿಲ್ಲ.

“ಅಜ್ಜಿ, ಅದು ಮಿಸ್‌ಗೆ ಮಾತ್ರ ತಾನೇ?” ಎಂದಳು ಸಮನ್ವಿತಾ.

ಅಜ್ಜಿ ಅವಳ ಗಲ್ಲ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡರು. “ಹೋದ ಶನಿವಾರ ಪಾಠಕ್ಕೆ ಮುಂಚೆ ನೀನು ಈ ಮೆಟ್ಟಿಲ ಮೇಲೆ ಕೂತು ಒಂದು ರಾಗ ಗುನುಗ್ತಿದ್ದೆ. ‘ನಾನೇ ಕಟ್ಟಿದ್ದು ಅಜ್ಜಿ, ಮೇಲೆ ಹೋಗಿ ಮಿಸ್‌ಗೆ ನುಡಿಸಿ ತೋರಿಸ್ತೀನಿ’ ಅಂತ ಕುಣೀತಿದ್ದೆ. ಅದನ್ನ ಒಂದ್ಸಲ ಹೇಳಮ್ಮ.”

“ನಾನಾ? ಯಾವ ರಾಗ?” ಸಮನ್ವಿತಾ ಹುಬ್ಬು ಗಂಟಿಕ್ಕಿ ಯೋಚಿಸಿದಳು. ಅಜ್ಜಿಗೆ ವಯಸ್ಸಾಯಿತು, ಬೇರೆ ಯಾರನ್ನೋ ನೋಡಿ ನಾನೆಂದುಕೊಂಡಿದ್ದಾರೆ ಎಂದುಕೊಂಡಳು.

ಅಷ್ಟರಲ್ಲಿ ಮಹಡಿಯ ಮೇಲೆ ಮಾಲವಿಕಾ ಮಿಸ್ ನುಡಿಸತೊಡಗಿದರು. ಹೊಸದನ್ನು ನೋಡಿಕೊಂಡು ನುಡಿಸುವವರ ಹಾಗೆ ತಡೆದು ತಡೆದು, ನಿಧಾನವಾಗಿ. ಪುಟ್ಟ ರಾಗ, ಮಗುವಿನ ಜಿಗಿದಾಟ ಅದರಲ್ಲಿ. ಮಳೆಯ ನಡುವೆಯೂ ಸ್ಪಷ್ಟವಾಗಿ ಕೇಳುತ್ತಿತ್ತು. ಅಜ್ಜಿಯ ಕೈ ಸಮನ್ವಿತಾಳ ಗಲ್ಲದಿಂದ ಜಾರಿತು. ಸಮನ್ವಿತಾಳ ಮುಖ ಮಾತ್ರ ಅರಳಿತು.

“ಎಷ್ಟು ಚೆನ್ನಾಗಿದೆ ಅಜ್ಜಿ! ಯಾರ್ದು ಇದು?”

ಸೆಲಿನಾ ಅಜ್ಜಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು. ಸುಳ್ಳು ಹೇಳುವುದು ಅವರಿಗೆ ಬರುವುದಿಲ್ಲ.

“ಮೇಷ್ಟ್ರದ್ದು ಕಣಮ್ಮ,” ಎಂದರು. “ಭಾನುವಾರ ಬೆಳಿಗ್ಗೆ ಟ್ರಂಕಿನಲ್ಲಿ ಸಿಕ್ತಂತೆ.”