ಬಿರುಕಿನ ಒಳಗಿನ ಬಣ್ಣ

ಅಲ್ಲಲ್ಲ, ಆ ಸ್ಟೂಲ್ ಮೇಲೆ ಬೇಡ, ಬಣ್ಣ ಚೆಲ್ಲಿದೆ, ಪ್ಯಾಂಟ್ ಹಾಳಾಗುತ್ತೆ. ಈ ಕುರ್ಚಿ ಎಳ್ಕೊಳ್ಳಿ. ಬಾಗಿಲಿಗೆ ಅಡ್ಡಾನೇ ಹಾಕ್ಕೋತೀರಾ? ಹಾಕ್ಕೊಳ್ಳಿ, ನನಗೇನು! ಗಾಳಿ ಬೇಕೇನೋ. ಕನ್ನಡಕದ ಅಂಗಡಿ ಇಟ್ಟೋರಿಗೆ ಈ ಸ್ಪಿರಿಟ್ಟು, ಮೇಣ, ಚರ್ಮದ ವಾಸನೆ ಎಲ್ಲಿ ತಡ್ಕೊಳ್ಳೋಕಾಗುತ್ತೆ... ಹೂಂ, ಏನು ಹೇಳ್ತಿದ್ದೆ? ನನ್ನ ಹೆಂಡತಿ ವಿಷಯ. ಮಾತು ಹಾರಿಸಬೇಡಿ ಅಳಿಯಂದಿರೇ. ಏನು, ನೀವು ಮಾತೇ ಆಡಿಲ್ಲ, ಹಾರಿಸೋದೆಲ್ಲಿಂದ ಬಂತು ಅಂತ ನೋಡ್ತೀರಾ? ಅದನ್ನೇ ನಾನು ಹೇಳ್ತಿರೋದು! ಬಂದಾಗಿನಿಂದ ಒಂದೇ ಮಾತು. "ಮಾವ, ಬೆಲ್ಟ್ ಬಣ್ಣ ಹೋಗಿದೆ, ಹಾಕಿಕೊಡಿ." ಮೇಜಿನ ಮೇಲೆ ಇಟ್ರಿ, ಬಾಯಿಗೆ ಬೀಗ ಹಾಕ್ಕೊಂಡ್ರಿ.

ಮಗಳಂತೂ ನನ್ನ ಮುಖ ಕೂಡ ನೋಡ್ಲಿಲ್ಲ. "ಅಮ್ಮನ ಬಟ್ಟೆ ತಗೋಬೇಕು" ಅಂದ್ಲು, ಅಂಗಳ ದಾಟಿ ಹಿಂದಿನ ಮನೆಗೆ ಹೋಗೇ ಬಿಟ್ಲು. ಹೆತ್ತ ಅಪ್ಪ ನಾನು. ಊಟ ಆಯ್ತಾ ಅಂತ ಕೇಳೋಕೆ ಏನು ಕಷ್ಟ ಅವಳಿಗೆ?

ಇನ್ನೂ ಬಟ್ಟೆ ಯಾಕ್ರೀ? ಮಗಳ ಹೆರಿಗೆಗೆ ಅಂತ ನಿಮ್ಮನೆಗೆ ಕಳಿಸಿದ್ದು ನಾನು ನನ್ನ ಹೆಂಡತೀನ. ಮಗು ಈಗ ಗೋಡೆ ಹಿಡ್ಕೊಂಡು ನಿಲ್ಲುತ್ತೆ, ಅಜ್ಜಿ ಮಾತ್ರ ವಾಪಸ್ ಬರಲಿಲ್ಲ! ಫೋನ್ ಮಾಡಿದ್ರೆ ಮಗಳೇ ಎತ್ತೋದು. "ಅಮ್ಮ ಸ್ನಾನಕ್ಕೆ ಹೋಗಿದ್ದಾಳೆ." ಬೆಳಿಗ್ಗೆ ಮಾಡಿದ್ರೆ ಸ್ನಾನ, ಮಧ್ಯಾಹ್ನ ಮಾಡಿದ್ರೆ ಸ್ನಾನ, ಸಂಜೆ ಮಾಡಿದ್ರೂ ಸ್ನಾನ! ಏನು, ನನ್ನ ಹೆಂಡತೀನ ನೀರಲ್ಲೇ ನೆನೆಹಾಕಿದ್ದೀರಾ ನೀವು? ಯಾಕೆ ನಗ್ತೀರಿ?... ನಗಲಿಲ್ವಾ. ಹೋಗ್ಲಿ ಬಿಡಿ. ನಾನೇ ನಗ್ತೀನಿ.

ಇಲ್ಲಿ ಕೇಳಿ. ನನಗೆ ಎಲ್ಲಾ ಗೊತ್ತು. ಅವಳು ಯಾಕೆ ಬರ್ತಿಲ್ಲ ಅಂತ ಗೊತ್ತು. ನನ್ನ ಬಾಯಲ್ಲಿ ಹೇಳಿಸಬೇಡಿ... ಹೇಳ್ಲಾ? ಹೇಳ್ತೀನಿ. ಮಗಳಿಗೆ ಕಾವಲು ಕೂತಿದ್ದಾಳೆ ಅವಳು! ನಿಮ್ಮಿಂದ! ಹೌದು ಸ್ವಾಮಿ, ನಿಮ್ಮಿಂದಾನೇ. ಹುಬ್ಬು ಯಾಕೆ ಏರಿಸ್ತೀರಿ? ಮಗು ನೋಡೋಕೆ ಬಂದಿದ್ನಲ್ಲ ನಾನು, ಅವತ್ತು ಸಂಜೆ ನೀವು ಅಂಗಡಿ ಮುಚ್ಚಿ ಬಂದ್ರಿ. ಚಪ್ಪಲಿ ಬಿಟ್ರಿ, ಕೈಕಾಲು ತೊಳ್ಕೊಂಡ್ರಿ, ಸೊಂಟದಿಂದ ಬೆಲ್ಟ್ ಎಳೆದು ಕುರ್ಚಿ ಮೇಲೆ ಬಿಸಾಕಿದ್ರಿ. ಸರ್ ಅಂತ ಸದ್ದಾಯ್ತು, ಅಷ್ಟೇ. ನನ್ನ ಮಗಳು ತೊಟ್ಟಿಲಿಂದ ಮಗೂನ ಬಾಚ್ಕೊಂಡು ಬಚ್ಚಲಮನೆಗೆ ನುಗ್ಗಿ ಚಿಲಕ ಹಾಕ್ಕೊಂಡ್ಲು! ನನ್ನ ಕಣ್ಣಾರೆ ಕಂಡೆ. ಎಷ್ಟೋ ಹೊತ್ತು ಹೊರಗೆ ಬರಲಿಲ್ಲ. ನೀವೋ, ಬಾಗಿಲ ಹತ್ತಿರ ನಿಂತು "ಏನೂ ಇಲ್ಲ, ಏನೂ ಇಲ್ಲ" ಅಂತ ಮೆಲ್ಲಗೆ ಹೇಳ್ತಿದ್ರಿ. ನಾಟಕ! ನಾನಿದ್ದೆ ಅಂತ ನಾಟಕ!

ಹೊಡೆಯದವನ ಬೆಲ್ಟಿಗೆ ಹೆಂಡತಿ ಯಾಕ್ರೀ ಹೆದರ್ತಾಳೆ? ಹೇಳಿ! ಉತ್ತರ ಕೊಡಿ ನೋಡೋಣ!

ಕೊಡಲ್ಲ. ಕೊಡಬೇಡಿ. ನೀವು ಸುಳ್ಳು ಹೇಳಬಹುದು, ಚರ್ಮ ಹೇಳಲ್ಲ. ಈ ಕೆಲಸದಲ್ಲೇ ಕೂದಲು ಹಣ್ಣಾಗಿದೆ ನನಗೆ. ಯಾವುದಾದ್ರೂ ಚೀಲ ತಂದುಕೊಡಿ, ಯಾವ ಭುಜಕ್ಕೆ ಹಾಕ್ಕೋತಿದ್ರು ಅಂತ ಹೇಳ್ತೀನಿ. ಸವೆತ ಎಲ್ಲಿ ಬೀಳುತ್ತೆ ಅಂತ ಗೊತ್ತಿಲ್ಲದೋನು ಆಂಟಿಕ್ ಕೆಲಸ ಮಾಡೋಕಾಗಲ್ಲ. ನಾವು ಮಾಡೋದೇ ಅದು, ನಿನ್ನೆ ಹೊಲಿದದ್ದನ್ನ ತಾತನ ಕಾಲದ್ದು ಅನ್ನೋ ಹಾಗೆ ತೋರಿಸೋದು. ನೋಡಿ, ನಿಮ್ಮ ಬೆಲ್ಟ್ ಮೇಲೆ ಈ ಬಳ್ಳಿ ಕೆತ್ತಿದೀನಲ್ಲ, ಇದರ ಮೇಲೆ ಕಪ್ಪು ಪೇಸ್ಟ್ ಬಳಿದು ಒರೆಸಿದ್ರೆ ಉಬ್ಬಿರೋ ಕಡೆಯಿಂದ ಹೋಗಿಬಿಡುತ್ತೆ, ತಗ್ಗಲ್ಲಿ ನಿಂತ್ಕೊಳ್ಳುತ್ತೆ. ಮೇಲೆ ಸೀಲರ್ ಹೊಡೆದ್ರೆ ಮುಗೀತು, ನೀರು ಬಿದ್ರೂ ಜಪ್ಪಯ್ಯ ಅನ್ನಲ್ಲ. ಈಗ ಸ್ಪಿರಿಟ್ ಬಟ್ಟೆಯಲ್ಲಿ ಉಜ್ಜಿ ಅದನ್ನೆಲ್ಲ ತೆಗೀತೀನಿ. ನಿಮ್ಮ ಬಂಡವಾಳ ಬಯಲಾಗಲಿ!

ಉಜ್ಜಿದ್ರೆ ಬರುತ್ತೆ ನೋಡಿ, ಬಟ್ಟೆ ಹೇಗೆ ಕಂದು ಆಗ್ತಿದೆ. ಹಾಂ... ಸಿಪ್ಪೆ ಸುಲಿದ ಹಾಗೆ ಸುಲೀತಿದೆ. ನಿಮ್ಮನ್ನೂ ಹಿಂಗೇ ಸುಲೀಬೇಕು! ತಮಾಷೆ ಮಾಡ್ತಿಲ್ಲ. ಈ ಕತ್ತಿ ನೋಡಿ, ಅರ್ಧ ಚಂದ್ರ ಇದ್ದಂಗಿದೆ, ಎಮ್ಮೆ ಬೆನ್ನಿನ ಚರ್ಮಾನೂ ಒಂದೇ ಎಳೆತಕ್ಕೆ ಕೊಯ್ಯುತ್ತೆ. ನನ್ನ ಮಗಳ ಮೈಮೇಲೆ ಒಂದು ಬರೆ ಸಿಗಲಿ, ನಿಮ್ಮ ಬೆರಳು ಒಂದೊಂದೇ ಇದೇ ಹಲಗೆ ಮೇಲಿಟ್ಟು ಕತ್ತರಿಸಿಬಿಡ್ತೀನಿ. ಜೈಲಿಗೆ ಹೋಗ್ತೀನಿ, ಹೋದ್ರೆ ಹೋಗ್ಲಿ! ಅಲ್ಲಿ ನನಗೆ ಊಟ ಹಾಕೋರಾದ್ರೂ ಇರ್ತಾರೆ. ಹೆದರಿಕೆ ಆಗಲ್ವಾ ನಿಮಗೆ? ಕಲ್ಲು ಕೂತಂಗೆ ಕೂತಿದ್ದೀರಲ್ಲ!

ಆ... ಇಲ್ಲಿದೆ! ಸಿಕ್ತು! ಬನ್ನಿ, ಬಗ್ಗಿ ನೋಡಿ. ಬರಲ್ವಾ? ಅಲ್ಲಿಂದಾನೇ ನೋಡಿ. ಸೊಂಟಕ್ಕೆ ಕಟ್ಟೋ ಬೆಲ್ಟ್ ಎಲ್ಲಿ ಸೀಳುತ್ತೆ? ತೂತಿನ ಹತ್ತಿರ. ಬಕಲ್ ಮಡಚೋ ಕಡೆ. ಇದು ನೋಡಿ, ಬೆನ್ನ ಕಡೆ, ಹೆಚ್ಚುಕಮ್ಮಿ ನಟ್ಟನಡುವೆ ಅಡ್ಡಡ್ಡ ಬಿರುಕು. ಇಲ್ಲಿ ಯಾಕೆ ಬಿರುಕು ಬರಬೇಕು? ಎರಡು ಮಡಿಕೆ ಮಾಡಿ ಮುಷ್ಟೀಲಿ ಹಿಡಿದ್ರೆ ಮಾತ್ರ ಬರುತ್ತೆ! ಒಂದು ಸಲಕ್ಕಲ್ಲ, ಎರಡು ಸಲಕ್ಕಲ್ಲ. ಹಿಡಿದೂ ಹಿಡಿದೂ, ಬಾರಿಸಿ ಬಾರಿಸಿ ಬಂದಿರೋ ಬಿರುಕು ಇದು. ಥೂ! ಸಿಕ್ಕಿಬಿದ್ದೆ ಕಣೋ! ಇನ್ನು ನಿನಗೆ ಏನು ಮರ್ಯಾದೆ? ಊರವರಿಗೆಲ್ಲ ಕನ್ನಡಕ ಹಾಕ್ತೀಯ, ನನ್ನ ಕಣ್ಣಿಗೇ ಮಣ್ಣೆರಚ್ತೀಯಾ? ಮದುವೇಲಿ ನನ್ನ ಕೈಯಾರೆ ಮಾಡಿ ಕೊಟ್ಟಿದ್ದು ಈ ಬೆಲ್ಟು. ನನ್ನ ಮಗಳನ್ನ ಬಡಿಯೋಕೆ ಕೊಟ್ನಾ?

ತಾಳು, ನೀನು "ಮಾವ, ಚರ್ಮಾನೇ ಹಳೇದು" ಅಂತ ಜಾರ್ಕೊಳ್ಳಬಾರದು. ಅದಕ್ಕೂ ಇದೆ ಲೆಕ್ಕ. ನಾನು ಬಣ್ಣ ಹಾಕಿ, ಸೀಲ್ ಮಾಡಿ ಕೊಟ್ಟ ಮೇಲೆ ಬಿರುಕು ಬಿಟ್ಟಿದ್ರೆ ಒಳಗೆ ಹಸಿ ಚರ್ಮದ ಬಿಳುಪು ಇರುತ್ತೆ, ಬಣ್ಣ ಅಲ್ಲಿಗೆ ಇಳಿದಿರಲ್ಲ. ಅದಕ್ಕೂ ಮೊದಲೇ ಬಿಟ್ಟಿದ್ರೆ ಪೇಸ್ಟೆಲ್ಲ ಒಳಗೆ ಹೋಗಿ ಕೂತಿರುತ್ತೆ, ಕಪ್ಪಗೆ. ಯಾವ ಕೋರ್ಟಲ್ಲಿ ಬೇಕಾದ್ರೂ ಹೇಳ್ತೀನಿ. ಈಗ ಹಿಂಗೆ ಬಗ್ಗಿಸ್ತೀನಿ, ಬಿರುಕು ಬಾಯಿ ಬಿಡುತ್ತೆ, ಆಗ...

ಆಗ...

ಲೈಟು ಸಾಲದು. ಈ ಬಲ್ಬು ಹಾಳಾದ್ದು, ಎಲ್ಲಾ ಕಪ್ಪಗೇ ಕಾಣುತ್ತೆ. ಕಿಟಕಿ ಹತ್ತಿರ... ಹೂಂ. ಇರಲಿ. ಸ್ಪಿರಿಟ್ ಹತ್ತಿದ್ರೆ ಕೆಲವೊಮ್ಮೆ ಹಿಂಗಾಗುತ್ತೆ. ಒಳಕ್ಕೆ ಇಳಿದುಬಿಡುತ್ತೆ ಬಣ್ಣ. ಏನು ಹಂಗೆ ನೋಡ್ತೀರಿ? ಇಳಿಯುತ್ತೆ ಅಂದ್ನಲ್ಲ! ನಿಮಗೇನು ಗೊತ್ತು ಚರ್ಮದ ವಿಷಯ?

ಸರಿ. ಹೌದು. ಹೊಸ ಚರ್ಮ ಅಲ್ಲ. ಏನೀಗ? ನನ್ನದೇ ಬೆಲ್ಟು. ನಾನು ಪ್ರಾಯದಲ್ಲಿ ಕಟ್ಟಿದ್ದು. ಅಂಥ ಚರ್ಮ ಈಗ ಎಲ್ಲಿ ಸಿಗುತ್ತೆ? ತುದಿ ಒಂದಿಷ್ಟು ಕತ್ತರಿಸಿದೆ, ಬಳ್ಳಿ ಕೆತ್ತಿದೆ, ಬಣ್ಣ ಹಾಕಿದೆ, ಬಕಲ್ ಬದಲಾಯಿಸಿದೆ. ಅಳಿಯನಿಗೆ ಪ್ರೀತಿಯಿಂದ ತನ್ನದನ್ನೇ ಕೊಟ್ರೆ ತಪ್ಪಾ? ಮಗಳಿಗೆ ಗುರುತು ಸಿಕ್ಕಿರಲಿಕ್ಕಿಲ್ಲ. ಅಷ್ಟು ಚೆನ್ನಾಗಿ ಮಾಡಿದ್ದೆ ಕೆಲಸಾನ... ಸಿಕ್ಕಿತ್ತಾ? ಏನಾದ್ರೂ ಹೇಳಿದ್ಲಾ? ಹೇಳ್ರೀ! ಸೊಂಟಕ್ಕೆ ಕಟ್ಟಿದ್ದೆ ನಾನು, ಸೊಂಟಕ್ಕೆ, ಅಷ್ಟೇ! ತೂತಿನ ಹತ್ತಿರ... ಹೌದು, ತೂತಿನ ಹತ್ತಿರ ಸೀಳಬೇಕು. ನಾನೇ ಹೇಳಿದೆ ಈಗ ತಾನೆ. ನಾನೇ ಹೇಳಿದ್ದನ್ನ ನನಗೇ ಎತ್ತಿ ತೋರಿಸೋ ಹಾಗೆ ಕೂರಬೇಡಿ ನೀವು.

ಬಿಡಿ, ಬಣ್ಣ ಹಾಕ್ತೀನಿ. ಬಣ್ಣ ಬಿದ್ರೆ ಎಲ್ಲಾ ಮುಚ್ಚಿಹೋಗುತ್ತೆ. ಈ ತುದಿಯಿಂದ ಆ ತುದಿವರೆಗೂ ಒಂದೇ ಸಮನೆ ಎಳೀಬೇಕು. ನಡುವೆ ಕೈ ನಿಲ್ಲಿಸೋ ಹಾಗಿಲ್ಲ, ಎದ್ದು ಹೋಗೋ ಹಾಗಿಲ್ಲ, ಗೆರೆ ಬಿದ್ದುಬಿಡುತ್ತೆ. ಆ ಗೆರೆ ದೇವರು ಬಂದ್ರೂ ಹೋಗಲ್ಲ. ಹಿಂದೆ ಒಂದು ಸಲ ಮನೇಲಿ ಒಲೆ ಹತ್ತಿರ ಪರದೆಗೆ ಬೆಂಕಿ ಹತ್ತಿ ನನ್ನ ಹೆಂಡತಿ ಕೂಗ್ತಿದ್ಲು, ನಾನು ಬ್ರಷ್ ಕೆಳಗಿಡಲಿಲ್ಲ! ಅವಳೇ ಆರಿಸಿದ್ಲು. ಆಮೇಲೆ ಎಲ್ಲರ ಮುಂದೆ ಹೇಳ್ಕೊಂಡು ನಗೋಳು... ನಗ್ತಿದ್ಲು ಕಣ್ರೀ ಅವಳು. ನೀವು ಏನೋ ಅಂದ್ಕೋಬೇಡಿ. ನಮ್ಮ ಮನೇಲೂ ನಗು ಇತ್ತು.

ಬಟ್ಟೆ ಎಷ್ಟಿವೆ ಅಂತ ಇಷ್ಟು ಹೊತ್ತು? ಏ ಮಗಾ! ಆಯ್ತೇನೇ?... ಕೇಳಿಸಲ್ಲ. ಅದೇನದು ಸದ್ದು? ಏನೋ ಎಳೀತಿರೋ ಹಾಗಿದೆ. ನಿಮಗೆ ಕೇಳಿಸ್ತಿಲ್ವಾ? ಬೀರು ಅಲ್ಲ... ಕಬ್ಬಿಣ ನೆಲಕ್ಕೆ ಉಜ್ಜೋ ಸದ್ದು. ಹೊಲಿಗೆ ಮೆಷಿನ್! ಅದು ಅವಳ ಹೊಲಿಗೆ ಮೆಷಿನ್ ಕಣ್ರೀ! ಮಗೂನ ನೋಡ್ಕೊಳ್ಳೋಕೆ ಹೋದೋಳಿಗೆ ಮೆಷಿನ್ ಯಾಕೆ?

ಅದನ್ನ ಒಬ್ಬರೇ ಎತ್ತೋಕಾಗಲ್ಲ. ನನ್ನ ಮಗಳ ಕೈಲಂತೂ ಆಗಲ್ಲ. ಆ ಕಡೆ ಹಿಡ್ಕೊಂಡಿರೋರು ಯಾರು?... ಬಂದಿದ್ದಾಳಾ? ಅವಳು ಬಂದಿದ್ದಾಳಾ? ಹಿಂದಿನ ಬಾಗಿಲಿಂದ ಬಂದು, ಹಿಂದಿನ ಬಾಗಿಲಿಂದಾನೇ ಹೋಗೋಕೆ? ನನಗೆ ಒಂದು ಮಾತೂ ಹೇಳದೆ?

ಓಹೋ... ಓಹೋಹೋ! ಅದಕ್ಕಾ ಬೆಲ್ಟು! ಅದಕ್ಕಾ ಬಾಗಿಲಿಗೆ ಅಡ್ಡ ಕುರ್ಚಿ! ಬಣ್ಣ ಹಚ್ಚೋಕೆ ಕೂತ್ರೆ ನಾನು ಏಳಲ್ಲ ಅಂತ ಹೇಳಿಕೊಟ್ಟಿದ್ದು ಅವಳೇ ತಾನೆ? ಅವಳೇ! ನನ್ನ ಆ ಹುಚ್ಚು ಅವಳಷ್ಟು ಚೆನ್ನಾಗಿ ಬೇರೆ ಯಾರಿಗೆ ಗೊತ್ತು? ನನ್ನನ್ನ ಇಲ್ಲಿ ಗೂಟಕ್ಕೆ ಕಟ್ಟಿ ಹಾಕಿ, ಅಲ್ಲಿ ಮನೆ ಖಾಲಿ ಮಾಡ್ತಿದ್ದಾರೆ! ಹಾಳಾಗಲಿ ಬಣ್ಣ! ಗೆರೆ ಬಿದ್ರೆ ಬೀಳಲಿ!

ಏಳು. ಬಾಗಿಲು ಬಿಡು. ಏ ಇವಳೇ! ಹೊಸಲು ದಾಟಿದ್ರೆ ಕಾಲು ಮುರೀತೀನಿ! ಕೇಳಿಸ್ತಾ? ಕಾಲು ಮುರಿದು ಕೈಗೆ ಕೊಡ್ತೀನಿ! ಬಿಡೋ ಬಾಗಿಲು! ಮುಟ್ಟಬೇಡ ನನ್ನ. ತಳ್ತೀಯಾ? ಮಾವನ್ನೇ ತಳ್ತೀಯಾ? ಇದು ನನ್ನ ಮನೆ, ಅವಳು ನನ್ನ ಹೆಂಡತಿ. ಏನು ಬೇಕಾದ್ರೂ ಮಾಡ್ತೀನಿ, ನೀನ್ಯಾರೋ ಕೇಳೋಕೆ? ಕೈಲಿ ಏನಿದೆ ನೋಡ್ತಿದ್ದೀಯಲ್ಲ! ಸರಿ ಪಕ್ಕಕ್ಕೆ! ಸರಿತೀಯೋ ಇಲ್ವೋ? ಸರಿಯಲ್ಲ ತಾನೆ? ತಗೋ! ತಗೋ ಮತ್ತೆ! ಇನ್ನೊಂದು ಬೇಕಾ? ತಗೋ!

...

ಕನ್ನಡಕ ಬಿತ್ತು ನಿಮ್ಮದು. ತುಳೀಬೇಡಿ, ಗಾಜು.

ಕೆನ್ನೆ ಮೇಲೆ ಬಣ್ಣ... ಹಸಿ ಬಣ್ಣ ಇತ್ತಲ್ಲ ಬೆಲ್ಟಲ್ಲಿ, ಅದು ಹತ್ತಿದೆ. ಒರೆಸ್ಕೊಳ್ಳಿ. ಈ ಬಟ್ಟೆ ತಗೊಳ್ಳಿ... ಅಲ್ಲ, ಇದು ರಕ್ತ. ಕಿವಿ ಹತ್ತಿರ ಸೀಳಿದೆ. ಅಯ್ಯೋ, ಕೈ ಅಡ್ಡ ಹಿಡೀಬಾರದಾ ನೀವು? ನನಗಿಂತ ಆಳು ಗಟ್ಟಿಯಾಗಿದ್ದೀರಿ, ಕೈ ಹಿಡ್ಕೊಂಡಿದ್ರೆ ಮುಗೀತಿತ್ತು. ಬೈದಿದ್ರೂ ಆಗ್ತಿತ್ತು! ಬೈಯಿರಿ ಈಗಲಾದ್ರೂ. ಮುದಿಯ ಅನ್ನಿ, ಕಟುಕ ಅನ್ನಿ. ಯಾಕೆ ಸುಮ್ಮನೆ ನಿಂತಿದ್ದೀರಿ?

ಗಾಡಿ ಸ್ಟಾರ್ಟ್ ಆಯ್ತು. ನೀವು ಇಲ್ಲೇ ಇದ್ದೀರಲ್ಲ... ಮಗಳೇ ಓಡಿಸ್ತಿದ್ದಾಳಾ? ಯಾವಾಗ ಕಲಿತ್ಲು? ಹೋಯ್ತು. ತಿರುವಲ್ಲಿ ಹೋಯ್ತು. ಇನ್ನು ನೀವು ಬಾಗಿಲು ಬಿಟ್ರೂ ಏನೂ ಆಗಲ್ಲ, ನಾನು ಓಡಿ ಹಿಡಿಯೋಕಾಗಲ್ಲ. ಹೋಗಿ ನೀವೂ... ಯಾಕೆ ನಿಂತಿದ್ದೀರಿ ಹಿಂಗೆ? ಹಿಂಗೆ ನೋಡಬೇಡಿ ನನ್ನ. ದಮ್ಮಯ್ಯ, ಹಿಂಗೆ ಬಾಯಿ ಮುಚ್ಕೊಂಡು ನೋಡಬೇಡಿ! ಅವಳೂ ಹಿಂಗೇ ನಿಂತ್ಕೋತಿದ್ಲು. ಗೋಡೆಗೆ ಒರಗಿ, ಕೈ ಕೆಳಗೆ ಬಿಟ್ಟು, ಕಣ್ಣು ಮಿಟುಕಿಸದೆ. ಅಳೋಳಲ್ಲ, ಬೇಡ ಅನ್ನೋಳಲ್ಲ. ಮಗಳು ಆಗಿನ್ನೂ ಪುಟ್ಟ ಮಗು, ಬಾಗಿಲಲ್ಲಿ ನಿಂತು ನೋಡ್ತಿತ್ತು, ಅದೂ ಅಳ್ತಿರಲಿಲ್ಲ. ಅದಕ್ಕೇ ನನಗೆ ತಲೆ ಕೆಡ್ತಿತ್ತು ಕಣ್ರೀ. ಒಂದು ಸಲ, ಒಂದೇ ಒಂದು ಸಲ ಅವಳು "ಸಾಕು" ಅಂದಿದ್ರೆ ನಾನು ನಿಲ್ಲಿಸ್ತಿದ್ದೆ.

ನಿಲ್ಲಿಸ್ತಿದ್ದೆ ಅಲ್ವಾ?

ಹೂಂ ಅನ್ನಿ ಅಳಿಯಂದಿರೇ. ಹೂಂ ಅಂತನಾದ್ರೂ ಅನ್ನಿ.